ಕಾಣೆ

ಮಂಗಳೂರು ದಕ್ಕೆಯ ಐಸ್ ಪ್ಲಾಂಟಿನ ಮಹಡಿ.
ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ
ಇಲ್ಲದ ಮೂರು ಯಂತ್ರಗಳನ್ನು ಎಬ್ಬಿಸಿ
ಹೆಸರಿಟ್ಟೆ: ಬಂಗುಡೆ, ಬೂತಾಯಿ, ಕಾಣೆ.

ಒಂದನ್ನೊಂದು ಗುರುತು ಹಿಡಿದು
ತಮ್ಮೊಳಗೇ ಯಜಮಾನನ್ನ ಆರಿಸಬೇಕು.
ಬಂಗುಡೆ ಕೂಗಿತು, ಬೂತಾಯಿ ಓಗೊಟ್ಟಿತು,
ಕಾಣೆ ಕಾಣೆ.
ವಾಚ್‌ಮನ್ ಹಸನಬ್ಬ ಚಾ ಇಟ್ಟು ನಕ್ಕರು:
"ಹೆಸರಿಟ್ಟದ್ದು ನೀವೇ ಅಲ್ವಾ?"

ಮೂರು ಗಂಟೆ. ಕೆಳಗೆ ಬೋಟು ಬಂತು,
ಬುಟ್ಟಿ ಲೆಕ್ಕ, ಬೈಗುಳ.
ಮೇಲೆ ಲಾಗುಗಳು ಸುರಿಯುತ್ತಿವೆ, ಸಾಲು ಸಾಲು,
ಪ್ರತಿಯೊಂದಕ್ಕೂ ಒಂದು ಗಳಿಗೆ, ಒಂದು ದೂರು;
ವಿಂಗಡಿಸದಿದ್ದರೆ ಬೆಳಗಾಗುವಾಗ
ಇವೂ ನಾರುತ್ತವೆ.

ಎರಡೇ ಮೀನಿನ ಬಲೆಗೆ ಮೊದಲ ಪ್ರಶ್ನೆ ಎಸೆದೆ:
ಕಾಣೆಗೆ ಏನಾಯಿತು?
ರೆಪ್ಪೆ ಬಡಿಯುವಷ್ಟರಲ್ಲಿ ಸಿಕ್ಕಿತು.
ಹನ್ನೆರಡೂ ನಲವತ್ತಕ್ಕೆ
ವಿಳಾಸದಲ್ಲಿ ಒಂದು ಅಂಕಿ ತಪ್ಪು.
ಬರೆದವರು: ಹರಿಣಾಕ್ಷಿ.

ಚಾ ಆರಿತ್ತು. ನನ್ನ ಹೆಸರನ್ನೇ
ಇನ್ನೊಮ್ಮೆ ಓದಿದೆ.