ಎಂಜಲ

ಅವತ್ತು ಬಾಯಿ ತೆರೀ ಅಂದ್ರಿ, ತೆರದೆ.
ಕಡ್ಡಿಗಿ ಸುತ್ತಿದ ಹತ್ತಿ
ಗಲ್ಲದ ಒಳಗ ಹತ್ತು ಸಲ ತಿಕ್ಕಿದ್ರಿ.
ಕೈಗಿ ಗ್ಲೌಸ್ ಇತ್ತು ಖರೆ,
ಮಾರಿ ಮಾತ್ರ ಆ ಕಡಿ ತಿರುವಲಿಲ್ಲ ನೀವು.

ಅಕ್ಕಾವ್ರ, ನಮ್ಮೂರ ಹೋಟೆಲ್ದಾಗ
ನನ್ನ ಎಂಜಲಕ್ಕ ಬ್ಯಾರೆ ಕಪ್ಪದ.
ಹಿಂದಿನ ಗ್ವಾಡಿ ಮೊಳಿಗಿ ಇರ್ತದ,
ನಾನೇ ತೊಳೀಬೇಕು, ನಾನೇ ತೂಗಹಾಕಬೇಕು.
ಇಲ್ಲಿ ಕಲಬುರಗ್ಯಾಗ
ಅದೇ ಎಂಜಲ ನೆರಳಿಗಿ ಆರಿಸಿ, ಲಕೋಟಿಗಿ ಹಾಕಿ,
ಅರಗು ಕರಗಿಸಿ ಮುದ್ರಿ ಒತ್ತಿ,
ಪೊಲೀಸ್ ಜೀಪಿನಾಗ ಕೂಡಿಸಿ ಕಳಿಸಿದ್ರಿ!

ಶಹಾಬಾದ ಪರ್ಸಿ ಖಣಿಯಾಗ ಇದ್ದೆ ನಾ ಆಗ.
ಭಾಗಮ್ಮಗ ಹಲ್ಲು ಬಂದಿದ್ದಿಲ್ಲ.
ರೊಟ್ಟಿ ನಾ ಅಗದು, ಮೆತ್ತಗ ಮಾಡಿ
ಬಟ್ಟಿಲೆ ಅಕಿ ಬಾಯಾಗ ಇಡ್ತಿದ್ದೆ.
ನನ್ನ ಎಂಜಲ ತಿಂದೇ ನಡಿಲಾಕ ಕಲ್ತಳು.
ವಾಡಿ ಜಂಕ್ಷನ್ದಾಗ
ಬಾಟ್ಲಿಗಿ ನೀರು ಹಿಡಿದು ಹೊಳ್ಳಿ ನೋಡೂದ್ರಾಗ
ಗಂಟು ಇತ್ತು, ಚಪ್ಪಲಿ ಇದ್ವು.
ಎಂಟು ವರ್ಷ.

ಹೈದರಾಬಾದಿನ ಬಳಿ ಕಾರ್ಖಾನ್ಯಾಗ ಸಿಕ್ಕ ಹುಡುಗಿ
ಇದೇ ಬೆಂಚಿನ ಮ್ಯಾಲ ಕುಂತಿದ್ಳಲ್ಲ,
ಹೆಸರು ಕೇಳಿದ್ರ ಸಪ್ನಾ ಅಂದ್ಳು.
ಹೆಬ್ಬಟ್ಟು ಒತ್ತಿಸಿದ್ರ ಬರೇ ಮಸಿ,
ಗೆರಿ ಎಲ್ಲ ಸುಟ್ಟು ಹೋಗ್ಯಾವ.
ನೀವು ಅರಗು ಕಾಸೂದು ನೋಡಿ
ಎರಡೂ ಕೈ ಲಂಗದಾಗ ಮುಚ್ಚಿಕೊಂಡ್ಳು.
ನೀವು ನೋಡಿರಲಿಕ್ಕಿಲ್ಲ.
ಅಪ್ಪ ಅಂತ ಬಂದಾವ
ಆಧಾರ್ ಕಾರ್ಡು, ರೇಷನ್ ಕಾರ್ಡು, ಸಾಲಿ ಚೀಟಿ
ಒಂದೊಂದೇ ಟೇಬಲ್ ಮ್ಯಾಲ ಹಾಸಿದ.
ನನ್ನ ಕೈಯಾಗ ಏನಿತ್ತು?
ಬಾಯಿ ಇತ್ತು.

ಎರಡು ತಿಂಗಳಿಗಿ ಫೋನ್ ಬಂತು:
ಅವ ಅಪ್ಪ ಅಲ್ಲ, ಒಳಗ ಹಾಕ್ಯಾರ.
ನಾನೂ ಅವ್ವ ಅಲ್ಲ.

ಜಗಳಕ್ಕ ಬಂದಿಲ್ಲ ನಾ.
ಮಷೀನು ಸುಳ್ಳು ಹೇಳ್ತದಂತ ಅನ್ನಲ್ಲ.
ಆ ಲಕೋಟಿ ಒಗಿಬ್ಯಾಡ್ರಿ, ಅಷ್ಟೇ.
ಇರುವಿ ಹತ್ತದಂಗ, ನೀರು ಬೀಳದಂಗ ಇಡ್ರಿ.
ಮತ್ಯಾವುದೋ ಗಾಡ್ಯಾಗ, ಮತ್ಯಾವುದೋ ಕಾರ್ಖಾನ್ಯಾಗ
ಹುಡುಗಿ ಸಿಕ್ರ, ಹೆಸರು ಏನರ ಇರವಲ್ದ್ಯಾಕ,
ಜೋಡಿಸಿ ನೋಡ್ರಿ.

ಇನ್ನೊಂದು.
ಅವತ್ತು ಆ ಹುಡುಗಿಗಿ ಚಾ ತರಿಸಿದ್ದೆ.
ಅರ್ಧ ಕುಡದು, ಕಪ್ಪು ನನ್ನ ಕಡಿ ಸರಿಸಿದ್ಳು.
ತೊಳೀಲಿಲ್ಲ, ಹಂಗೇ ಕುಡದೆ.
ಸಕ್ಕರಿ ಕಡಿಮಿ ಇತ್ತು.