ಲಾಭ, ಎರಡು, ಮೂರು

ಚಿಂತಾಮಣಿಯ ಹುಣಸೆ ಮಂಡಿಯಲ್ಲಿ ತೂಕ ಕೂಗುತ್ತಿದ್ದ
ನಮ್ಮ ತಾತ ಪಿಳ್ಳಮುನಿಯಪ್ಪನಿಗೆ
ಸಮುದ್ರವೆಂದರೆ ಒಂದು ವಾಸನೆ.
ಉಪ್ಪಿನದಲ್ಲ.

ಹಡಗಿನ ಹೆಸರು ಮಾರಿಯೆಲ್ಲಾ.
ನಮ್ಮ ಕಡೆಯವರ ಬಾಯಿಗೆ ಬಿದ್ದು ಮಾರಿ ಎಲ್ಲಮ್ಮ ಆಯಿತು.
ಇಪ್ಪತ್ತೆರಡನೇ ಇಸವಿಯಲ್ಲಿ ಸ್ಕಾಟ್ಲೆಂಡಿನ ಯಾವುದೋ ಹೊಳೆದಂಡೆಯಲ್ಲಿ
ಮೊಳೆ ಹೊಡೆಸಿಕೊಂಡು ನೀರಿಗಿಳಿದವಳು.
ಮೇಲೆ ಹನ್ನೆರಡು ಕೋಣೆ, ಟೀ ತೋಟದ ದೊರೆಗಳಿಗೆ,
ಅವರ ಹೆಂಡಿರಿಗೊಂದು ಪಿಯಾನೋ.
ಕೆಳಗೆ ನಾಲ್ಕು ಉಗ್ರಾಣ.
ಮದರಾಸು, ಕೊಲಂಬೊ, ರಂಗೂನು, ಪೆನಾಂಗು,
ಹೋಗುವಾಗ ಹುಣಸೆ, ಮೆಣಸಿನಕಾಯಿ, ತೊಗಲು,
ಬರುವಾಗ ಅಕ್ಕಿ, ತೇಗ,
ಒಮ್ಮೆ ಮಾತ್ರ ಸರ್ಕಸ್ಸಿನ ಆನೆ.
ಇದಿಷ್ಟನ್ನೂ ತಾತನಿಗೆ ಹೇಳಿದವನು
ಬೆಂಕಿ ಕೋಣೆಯ ಲಸ್ಕರ್, ಚಿತ್ತಗಾಂಗಿನವನು,
ಒಂದು ಬೀಡಿಗೆ ಒಂದು ಊರಿನಂತೆ.

ನಮ್ಮೂರ ಹುಣಸೆ
ಚಿಕ್ಕ ರೈಲಿನಲ್ಲಿ ಬೌರಿಂಗ್‌ಪೇಟೆಗೆ, ಅಲ್ಲಿಂದ ದೊಡ್ಡ ರೈಲಿಗೆ,
ಅಲ್ಲಿಂದ ಅವಳ ಎರಡನೇ ಉಗ್ರಾಣಕ್ಕೆ.
ತಾತನೇ ತೂಗಿ ಕೂಗಿ ಕಳಿಸಿದ್ದು.
ತನಗಿಂತ ಮುಂಚೆ ಅದು ಅಲ್ಲಿ ಮಲಗಿ ಹೋಗಿದೆ ಅಂತ
ಅವನಿಗೇನು ಗೊತ್ತು.

ಯುದ್ಧ ಬಂತು.
ಪಿಯಾನೋ ಇಳಿಸಿದರು. ಬಿಳಿ ಮೈಗೆ ಬೂದು ಬಳಿದರು.
ಹಿಂಬದಿಗೊಂದು ಫಿರಂಗಿ ಕೂರಿಸಿ
ಉಗ್ರಾಣಗಳಲ್ಲಿ ಮೂರಂತಸ್ತು ಹಲಗೆ ಜೋಡಿಸಿ
ಸುಣ್ಣ ಹೊಡೆದು, ಫಿನಾಯಿಲು ಎರಚಿ,
ಬಾಗಿಲ ಮೇಲೆ ಬರೆದರು: ಜನ, ೩೧೦.
ಬಳಿದ ಬಣ್ಣದಡಿ ಇನ್ನೂ ಕಾಣುತ್ತಿತ್ತು: ಮೂಟೆ, ೪,೦೦೦.
ಒಂದು ಮೂಟೆ, ಒಬ್ಬ ಆಳು, ಹೆಚ್ಚುಕಡಿಮೆ ಒಂದೇ ತೂಕ.
ತಾತನ ಲೆಕ್ಕ ತಪ್ಪುವುದಿಲ್ಲ.
ಮತ್ತೆ ಉಳಿದ ಜಾಗ?
ಉಸಿರಿಗೆ, ಅಂದನಂತೆ ಲಸ್ಕರ್,
ಮೂಟೆಗೆ ಅದೊಂದು ಖರ್ಚಿಲ್ಲ.

ಬೊಂಬಾಯಿಂದ ಬಸ್ರಾಗೆ
ಕೋಲಾರದ ಕಡೆಯ ನಲವತ್ತೊಂದು ಜನ,
ರೋಡು ಹಾಕುವ ಪಲ್ಟನ್ನು, ಕೈಗೆ ಕೊಟ್ಟದ್ದು ಗುದ್ದಲಿ.
ಮೊದಲ ರಾತ್ರಿ ವಾಂತಿ, ಎಂಜಿನ್ನಿನ ಗುಡುಗು, ದೀಪ ಇಲ್ಲ.
ತಾತ ನೆಲದ ಹಲಗೆಯ ಸಂದಿಗೆ ಮೂಗಿಟ್ಟ.
ಫಿನಾಯಿಲಿನ ಅಡಿ, ಸುಣ್ಣದ ಅಡಿ,
ಹುಣಸೆ.
ಹಳೇದು, ಕಪ್ಪಾದದ್ದು,
ಉಗುರಲ್ಲಿ ಕೆರೆದರೆ ಒಂದು ಬೀಜವೂ ಸಿಕ್ಕಿತು.
ಬಾಗೇಪಲ್ಲಿಯ ಗಂಗುಲಪ್ಪ ಅದನ್ನು ಇಸಕೊಂಡು
ನಾಲಗೆ ಮೇಲಿಟ್ಟುಕೊಂಡ.
ಬಾಯಲ್ಲಿ ನೀರೂರಿತು, ವಾಂತಿ ನಿಂತಿತು.
"ಮನ ಊರ್ದೇ ರಾ," ಅಂದು ಕತ್ತಲಲ್ಲಿ ನಕ್ಕ.

ಐದನೇ ದಿನ ಗಂಗುಲಪ್ಪನಿಗೆ ಜ್ವರ.
ಏಳನೇ ದಿನ ಕ್ಯಾನ್ವಾಸು.
ಸುಬೇದಾರ ಕೇಳಿದ: ತೂಕ ಗೊತ್ತಿರುವವರು ಯಾರು ಇಲ್ಲಿ?
ತಾತ ಮುಂದೆ ಬಂದ.
ತಲೆಯ ಕೆಳಗೊಂದು ಕೈ, ಮಂಡಿಯ ಕೆಳಗೊಂದು ಕೈ,
ಮೂಟೆ ಎತ್ತುವ ಹಾಗೆಯೇ ಎತ್ತಿ ನೋಡಿದ.
ನಾಲ್ಕು ಮಣ, ಐದು ಸೇರು.
ಬೊಂಬಾಯಲ್ಲಿ ಹತ್ತುವಾಗಿನದಕ್ಕಿಂತ ಅರ್ಧ ಮಣ ಕಮ್ಮಿ.
ಎಷ್ಟು ಕಬ್ಬಿಣ ಬೇಕೆಂದು ಅವನೇ ಹೇಳಿದ.
ಎರಡು ಸರಳು. ಕಾಲಿಗೆ.
ಮುಳುಗಿದ.
ತಾತನ ಲೆಕ್ಕ ತಪ್ಪುವುದಿಲ್ಲ.

ಆಮೇಲೆ ಮಾರಿ ಎಲ್ಲಮ್ಮ ಏನೇನು ಹೊತ್ತಳೋ.
ಇಟಲಿಯ ಖೈದಿಗಳು, ಹೇಸರಗತ್ತೆಗಳು, ಕಾಲಿಲ್ಲದ ಹುಡುಗರು.
ಪಿಯಾನೋ ವಾಪಸು ಬಂತೋ ಇಲ್ಲವೋ.
ಬೊಂಬಾಯಲ್ಲೇ ಒಡೆದು ತೂಕಕ್ಕೆ ಹಾಕಿದರು ಅಂತ ಯಾರೋ,
ಇಲ್ಲ, ಇನ್ನೂ ಹಜ್ಜಿಗೆ ಜನ ಒಯ್ಯುತ್ತಾಳೆ ಅಂತ ಇನ್ಯಾರೋ.
ತಾತ ಎರಡನ್ನೂ ನಂಬಿದ.

ವಾಪಸು ಬಂದು ಅದೇ ಮಂಡಿಯಲ್ಲಿ ನಿಂತ, ಇಪ್ಪತ್ತಾರು ವರ್ಷ.
ತಕ್ಕಡಿಯ ಮುಂದೆ ಯಾರೂ ಮೊದಲನೆಯದನ್ನು ಒಂದು ಅನ್ನುವುದಿಲ್ಲ,
ಲಾಭ ಅನ್ನುತ್ತಾರೆ.
ಲಾಭ, ಎರಡು, ಮೂರು.
ತಾತ ಮಾತ್ರ ಮೊದಲ ತೂಕಕ್ಕೆ ಬಾಯಿ ಬಿಡುತ್ತಿರಲಿಲ್ಲ.
ಸೆಟ್ಟರು ಬೈದರು, ಅಶುಭ ಅಂದರು, ಕೂಲಿ ಹಿಡಿದರು.
ಅವನು ಮುಳ್ಳು ನಿಲ್ಲುವವರೆಗೂ ಕಾಯುತ್ತಿದ್ದ
ತುಟಿ ಒತ್ತಿಕೊಂಡು,
ನಾಲಗೆ ಮೇಲೆ ಬೀಜ ಇಟ್ಟುಕೊಂಡವನ ಹಾಗೆ.
ಆಮೇಲೆ ಕೂಗುತ್ತಿದ್ದ,
ಇಡೀ ಪೇಟೆಗೆ ಕೇಳುವಂತೆ:
ಎರಡು.