ಎನಾಮೆಲ್ಲು, ಸೀಮೆಸುಣ್ಣ

ವೇಮಗಲ್ಲಿನ ಬೋರ್ಡುಗಳೆಲ್ಲ ಮೂವತ್ತು ವರ್ಷದಿಂದ ನನ್ನ ಕೈಬರಹ.
ರೆಡ್ಡೆಪ್ಪನ ಹೋಟೆಲಿನ ದರಪಟ್ಟಿಯನ್ನು
ಉಗುರಲ್ಲಿ ಕೆರೆದರೆ ಸಿಗುತ್ತೇನೆ:
ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಮ್ಮಣ್ಣು,
ತೀರಾ ತಳದಲ್ಲಿ ಇಡ್ಲಿ ಒಂದೂಕಾಲು ರೂಪಾಯಿ.
ಆಗ ನನ್ನ ಕೈ ನಡುಗುತ್ತಿರಲಿಲ್ಲ.

ನಮ್ಮ ಅಂಕಿಗಳ ಗುಣ ನನಗೆ ಗೊತ್ತು.
ಸೊನ್ನೆಯನ್ನು ಐದು ಮಾಡಬೇಕಾದರೆ ಪೂರ್ತಿ ಅಳಿಸಲೇಬೇಕು.
ಐದನ್ನು ಸೊನ್ನೆ ಮಾಡಲು ಕರೆದರೆಂದರೆ
ಖುಷಿಪಡಬೇಡಿ,
ಎಡಗಡೆಯವನು ಒಂದು ಮೆಟ್ಟಿಲು ಹತ್ತಿದ್ದಾನೆ.

ಆ ಸಲ ಹೀಗಾಯಿತು.
ರಸ್ತೆಯಾಚೆ ವೈರು ಜೋಡಿಸುವ ಫ್ಯಾಕ್ಟರಿ ಬಾಗಿಲು ತೆಗೆಯಿತು.
ಐದೂವರೆಗೆ ಬಿಳಿ ಬಸ್ಸು ಬಂದು
ಲೋಟ ತೊಳೆಯುತ್ತಿದ್ದ ಗಂಗರತ್ನಳನ್ನು ಕರೆದುಕೊಂಡು ಹೋಯಿತು.
ಕುತ್ತಿಗೆಗೆ ಗುರುತಿನ ಚೀಟಿ, ತಲೆಗೆ ಬಲೆ ಟೋಪಿ,
ತಿಂಗಳ ಕೊನೆಗೆ ಟಿಣ್ ಅಂತ ಫೋನಿಗೆ ಬರುವ ಸಂಬಳ.
ಅವಳ ಹಿಂದೆ ಹಿಟ್ಟು ರುಬ್ಬುವ ಮುನಿಲಕ್ಷ್ಮಿ,
ಅವಳ ಹಿಂದೆ ಸಂಪಂಗಿಯ ಸಲೂನಿನ ಹುಡುಗ.
ರೆಡ್ಡೆಪ್ಪ ಮೂರು ದಿನ ತಾನೇ ಲೋಟ ತೊಳೆದ.
ನಾಲ್ಕನೇ ದಿನ ಒಡಿಶಾದಿಂದ ಬಂದ ಹುಡುಗನಿಗೆ
ಇವಳಿಗೆ ಕೊಡುತ್ತಿದ್ದುದರ ಒಂದೂವರೆಪಟ್ಟು ಒಪ್ಪಿಕೊಂಡ.
ಸಂಜೆಗೇ ನನಗೆ ಹೇಳಿ ಕಳಿಸಿದ:
"ಚೌಡಪ್ಪಣ್ಣ, ಡಬ್ಬ ತಗೊಂಡು ಬಾ."

ಇಡ್ಲಿ ದುಬಾರಿಯಾಯಿತೆಂದು ಸಂಪಂಗಿ ಕಟಿಂಗಿಗೆ ಇಪ್ಪತ್ತು ಏರಿಸಿದ.
ಅವನ ಬೋರ್ಡನ್ನೂ ನಾನೇ ಬರೆದೆ.
ಅವನದೇ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಾಗ ಲೆಕ್ಕ ಹೊಳೆದು
ನಾನೂ ಅಂಕಿಗೆ ಹತ್ತು ರೂಪಾಯಿ ಜಾಸ್ತಿ ಮಾಡಿದೆ.
"ನೀನೂನಾ?" ಅಂತ ಬೈದ ರೆಡ್ಡೆಪ್ಪ.
ನಾನೂ, ಅಂದೆ. ಬ್ರಷ್ಷಿಗೂ ಹೊಟ್ಟೆ ಇದೆ.
ಯಾರು ಮೊದಲು ತುಳಿದರು ಅಂತ ಕೇಳಬೇಡಿ.
ಗಾಣ ತಿರುಗುವ ಎತ್ತಿಗೆ ತನ್ನ ಹೆಜ್ಜೆಯೇ ಕಾಣುತ್ತಿರುತ್ತದೆ,
ಮುಂದೆಯೂ ಹಿಂದೆಯೂ.

ಟೊಮೆಟೊ ಮಾತ್ರ ನನ್ನ ಕೆಲಸವಲ್ಲ.
ಅದನ್ನು ಮಂಡಿಯ ಬಾಬಾಜಾನ್ ಸೀಮೆಸುಣ್ಣದಲ್ಲಿ ಬರೆಯುತ್ತಾನೆ.
ಬೆಳಿಗ್ಗೆ ಬಾಕ್ಸಿಗೆ ಒಂಬೈನೂರು,
ಮಧ್ಯಾಹ್ನ ತೋಳಲ್ಲಿ ಒರೆಸಿ ಮುನ್ನೂರು.
ಅವನ ಅಂಗಿಯ ತೋಳು ಯಾವಾಗಲೂ ಬೆಳ್ಳಗೆ.
ನನ್ನದು ಎನಾಮೆಲ್ಲು,
ಒಣಗಿತೋ, ಟರ್ಪೆಂಟೈನಿಗೂ ಜಗ್ಗುವುದಿಲ್ಲ.

ಹೋಟೆಲಿನ ಟೀವಿಯಲ್ಲಿ ಟೈ ಕಟ್ಟಿದವನೊಬ್ಬ ಹೇಳುತ್ತಿದ್ದ:
ಬೆಲೆ ತಣ್ಣಗಾಗಬೇಕಾದರೆ ಕೂಲಿ ತಣ್ಣಗಾಗಬೇಕು,
ಸ್ವಲ್ಪ ಜನಕ್ಕೆ ಸ್ವಲ್ಪ ದಿನ ಕೆಲಸ ಇರಬಾರದು.
ಉಕ್ಕುವ ಅನ್ನಕ್ಕೆ ತಣ್ಣೀರು ಚಿಮುಕಿಸಿದಷ್ಟು ಸಲೀಸಾಗಿ ಹೇಳಿದ.
ಬಡ್ಡಿ ಏರಿತು. ಫ್ಯಾಕ್ಟರಿ ಮೂರನೇ ಪಾಳಿ ನಿಲ್ಲಿಸಿತು.
ಆ ಸ್ವಲ್ಪ ಜನ ಯಾರೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ.
ನನಗೆ ಹೆಸರು ಗೊತ್ತು.

ಒಡಿಶಾದ ಹುಡುಗ ರೈಲು ಹತ್ತಿದ.
ಗಂಗರತ್ನ ಲೋಟ ತೊಳೆಯಲು ವಾಪಸು ಬಂದಳು, ಹಳೆಯ ಕೂಲಿಗೆ.
ಇಡ್ಲಿ ಹಳೆಯದಕ್ಕೆ ಬರಲಿಲ್ಲ.
ಇಳಿಸಿ ಬರಿ ಅಂತ ಈ ಮೂವತ್ತು ವರ್ಷದಲ್ಲಿ
ಒಬ್ಬರೂ ನನ್ನನ್ನು ಕರೆದಿಲ್ಲ.
ಅವಳ ಕೂಲಿಗೆ ಬೋರ್ಡಿಲ್ಲವಲ್ಲ,
ಅದನ್ನು ಬಾಯಲ್ಲೇ ಇಳಿಸಬಹುದು.

ಮೊನ್ನೆ ಊಟಕ್ಕೆ ಹೊಸ ಬೋರ್ಡು.
"ತೊಂಬತ್ತು ಅಂತ ಬರಿ," ಅಂದ ರೆಡ್ಡೆಪ್ಪ,
ಆಮೇಲೆ ದನಿ ತಗ್ಗಿಸಿ, "ಎಡಗಡೆ ಒಂದಂಕಿಗೆ ಜಾಗ ಬಿಟ್ಟಿರು."
ಬಿಟ್ಟೆ. ಹೆಬ್ಬೆರಳಗಲ.

ಒದ್ದೆ ಕೈಯನ್ನು ದುಪ್ಪಟ್ಟಾಕ್ಕೆ ಒರೆಸುತ್ತಾ ಗಂಗರತ್ನ ಬಂದು ನಿಂತಳು.
ಕುತ್ತಿಗೆಯಲ್ಲಿ ಫ್ಯಾಕ್ಟರಿಯ ದಾರ ಇನ್ನೂ ಇತ್ತು,
ಚೀಟಿ ಇದ್ದ ಕಡೆ ಮನೆಯ ಬೀಗದಕೈ.
"ಅಣ್ಣಾ, ನಡುಮಧ್ಯಕ್ಕೆ ಬಂದಿಲ್ಲ," ಅಂದಳು,
"ಎಡಗಡೆ ಬೋಳು ಬೋಳು."
ಹೌದು ಕಣಮ್ಮ, ಅಂದೆ.
ಬ್ರಷ್ಷು ತೊಳೆಯಲು ಅವಳದೇ ಒಂದು ಹಳೆ ಲೋಟ ಕೇಳಿದೆ.